‘ರಾಮದಂಡು’ ಎಂಬಲ್ಲಿಯ ‘ದಂಡು’ವಿಗೆ ಕನ್ನಡದಲ್ಲಿ ಏನೆನ್ನಬೇಕು?

ಗಾಂಧೀಜಿಯವರ ಅಸಹಕಾರ ಚಳವಳಿ ತೆಲುಗು ನಾಡಿನಲ್ಲಿ ಬೇರೂರಿದ ಬಗೆಯನ್ನು ಕುರಿತ ತೆಲುಗು ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ರಾಮದಂಡು’ ಎಂಬ ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಚೀರಾಲ-ಪೇರಾಲ ಹೋರಾಟದ ನಾಯಕ ದುಗ್ಗಿರಾಲ ಗೋಪಾಲಕೃಷ್ಣಯ್ಯನವರು ತಮ್ಮ ಸ್ವಯಂಸೇವಕರ ಪಡೆಗೆ ಇಟ್ಟ ಹೆಸರು ಇದು. ಆ ಅವಳಿ ಊರುಗಳನ್ನು ಸರ್ಕಾರ ಪುರಸಭೆಯಾಗಿ ಮಾರ್ಪಡಿಸಿದಾಗ ಸುಮಾರು 4,000 ರೂಪಾಯಿಯಷ್ಟಿದ್ದ ತೆರಿಗೆ 40,000ಕ್ಕೆ ಏರಿತು. ತೆರಿಗೆಯನ್ನೂ ಕೊಡದೆ, ಯಾರ ಮೇಲೂ ಕೈ ಎತ್ತದೆ ಊರನ್ನೇ ತೊರೆಯಬಹುದೆಂಬ ಗಾಂಧೀಜಿಯವರ ಸಲಹೆಯಂತೆ 1921ರಲ್ಲಿ ಬಹುಪಾಲು ಜನ ಮನೆಮಠ ಬಿಟ್ಟು, ಪುರಸಭೆಯ ಎಲ್ಲೆಯಾಚೆ ರಾಮನಗರವೆಂಬ ಗುಡಿಸಲುಗಳ ಊರು ಕಟ್ಟಿಕೊಂಡು, ಮಳೆ-ಬಿಸಿಲೆನ್ನದೆ ಹತ್ತಿರಹತ್ತಿರ ಒಂದು ವರ್ಷ ಅಲ್ಲಿಯೇ ಬಾಳಿದರು. ಅಹಿಂಸೆಯನ್ನು ಇಷ್ಟು ಕಷ್ಟದ ರೂಪದಲ್ಲಿ ಒಂದಿಡೀ ಊರು ಆಚರಿಸಿದ್ದು ಅಪರೂಪವೆಂದೇ ನನ್ನ ಭಾವನೆ.

ತೊಡಕಿರುವುದು ‘ದಂಡು’ವಿನಲ್ಲಿ. ಎರಡು ಭಾಷೆಗಳಲ್ಲೂ ಅದಕ್ಕೆ ಸೈನ್ಯವೆಂಬ ಅರ್ಥವಿದೆ. ಆದರೆ ಕನ್ನಡದ ಕಿವಿಗೆ ಬೆಂಗಳೂರಿನ ದಂಡು ಪ್ರದೇಶ, ಅಂದರೆ ಬ್ರಿಟಿಷರ ಪಾಳೆಯವೇ ಮೊದಲು ನೆನಪಾಗುತ್ತದೆ, “ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರುತ್ತೇನೆಯೇ?” ಎಂಬ ಗಾದೆಯಲ್ಲಿಯೂ ದಂಡೆಂದರೆ ಭಯವೇ. ಇದಕ್ಕೆ ಬದಲಾಗಿ ‘ರಾಮಸೇನೆ’ ಎಂದರೆ ಇಂದಿನ ಓದುಗರು ಬೇರೆಯೇ ಅರ್ಥ ಮಾಡಿಕೊಂಡಾರು. ‘ಸ್ವಯಂಸೇವಕ ದಳ’ ಎಂದರೆ ರಾಮಾಯಣದ ವಾಸನೆಯೇ ಉಳಿಯದು. ತೆಲುಗರಿಗೆ ರಾಮದಂಡು ಎಂದರೆ ಆಯುಧವಿಲ್ಲದೆ ಕಲ್ಲು ಹೊತ್ತು ಸೇತುವೆ ಕಟ್ಟಿದ ವಾನರರ ಗುಂಪು ಕಣ್ಣಿಗೆ ಕಟ್ಟುತ್ತದೆ. ‘ಕೋತಿಗಳ ದಂಡು’, ‘ಜನ ದಂಡುದಂಡಾಗಿ ಬಂದರು’ ಎಂದು ನಾವೂ ಅನ್ನುತ್ತೇವಾದ್ದರಿಂದ, ಪದವನ್ನು ಹಾಗೆಯೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದೇ ಸರಿಯೆಂದು ನನಗೆ ತೋರುತ್ತದೆ.

ಅದೇ ಲೇಖನದಲ್ಲಿ, ಪಲ್ನಾಡಿನ ಅರಣ್ಯ ಸತ್ಯಾಗ್ರಹದ ಸಂದರ್ಭದಲ್ಲಿ, ‘ಪುಲ್ಲರಿ’ ಎಂಬ ಪದವೂ ಬರುತ್ತದೆ. ದನ ಮೇಯಿಸಲು ಕೊಡಬೇಕಾಗಿದ್ದ ತೆರಿಗೆ ಅದು. ಕನ್ನೆಗಂಟಿ ಹನುಮಂತು ಅದನ್ನು ವಿರೋಧಿಸಿ 1922ರಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದರು. ಇದನ್ನು ‘ಮೇವಿನ ತೆರಿಗೆ’ ಎಂದು ಬರೆದಿದ್ದೇನೆ.

ಬಳ್ಳಾರಿ, ರಾಯಚೂರು, ಕೋಲಾರದ ಗಡಿಯ ಕನ್ನಡದಲ್ಲಿ ಭಜನೆಯವರನ್ನಾಗಲಿ, ಜಾತ್ರೆಗೆ ಹೊರಟವರನ್ನಾಗಲಿ, ಅಂದರೆ ಆಯುಧವಿಲ್ಲದ ಆದರೆ ಶಿಸ್ತುಳ್ಳ ಗುಂಪನ್ನು, ‘ದಂಡು’ ಎಂದು ಕರೆಯುವ ರೂಢಿ ಇದೆಯೇ? ಇದ್ದರೆ ವಾಕ್ಯದ ಉದಾಹರಣೆಯೊಡನೆ ತಿಳಿಸಬೇಕೆಂದು ವಿನಂತಿ.