ಎಣ್ಣೆ ಕ್ಯಾನಿಗೆ ತೂತು ತಳದಲ್ಲೋ, ಪಕ್ಕದಲ್ಲೋ?

ಕೇಳಿದವರು, ಬೆಂಗಳೂರು:
ನಮ್ಮದು ಎರಡನೇ ಮಹಡಿ. ಬಾಲ್ಕನಿಗೆ ಬೆಳಗಿನ 11 ಗಂಟೆಯವರೆಗೆ ಮಾತ್ರ ಬಿಸಿಲು. 5 ಲೀಟರಿನ ಖಾಲಿ ಎಣ್ಣೆ ಕ್ಯಾನುಗಳು ಆರು, 20 ಲೀಟರಿನ ಬಣ್ಣದ ಬಕೆಟ್ ಒಂದು, ಬಿಸ್ಕತ್ತಿನ ತಗಡಿನ ಡಬ್ಬ ಎರಡು ಇವೆ. ದೇವರಿಗೆ ದಿನಕ್ಕೆ ನಾಲ್ಕು ಹೂ ಸಿಕ್ಕರೆ ಸಾಕು. ಹೋದ ವರ್ಷ ಮೊಸರಿನ ಡಬ್ಬಿಗಳಲ್ಲಿ ನೆಟ್ಟ ಸೇವಂತಿಗೆ ಕೊಳೆತುಹೋಯಿತು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಕಲಬುರಗಿಯಿಂದ:
ಮೊಸರಿನ ಡಬ್ಬಿಗೆ ತೂತು ಮಾಡಿದ್ದಿರಾ? ನೀವು ಹೇಳದೆ ಬಿಟ್ಟಿರುವುದು ಅದೊಂದೇ!
ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಎಣ್ಣೆ ಡಬ್ಬದಲ್ಲಿ ದಾಸವಾಳ ನೆಟ್ಟಿದ್ದೆ. ಮಧ್ಯಾಹ್ನ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು, ಬೇರು ಬೆಂದೇಹೋಯಿತು. ಈಗ ಪ್ಲಾಸ್ಟಿಕ್ ಕ್ಯಾನಿಗೆ ಗೋಣಿಚೀಲ ಸುತ್ತುತ್ತೇನೆ. ತೂತು ಮಾಡುವುದು ತಳದಲ್ಲಲ್ಲ, ಪಕ್ಕದಲ್ಲಿ, ಎರಡು ಬೆರಳಿನಷ್ಟು ಮೇಲೆ. ಅಡಿಯಲ್ಲಿ ಉಳಿದ ನೀರನ್ನು ಮಣ್ಣು ನಿಧಾನವಾಗಿ ಹೀರುತ್ತದೆ. ಒಂದು ದಿನ ನೀರು ತಪ್ಪಿದರೂ ಗಿಡ ಬಾಡುವುದಿಲ್ಲ.

ಉಡುಪಿಯಿಂದ:
ಪಕ್ಕದ ತೂತು ನಮ್ಮ ಮಳೆಗಾಲಕ್ಕೆ ಆಗಿಬರುವುದಿಲ್ಲ ಅಕ್ಕ, ಬೇರು ಕೊಳೆಯುತ್ತದೆ. ಇಲ್ಲಿ ತಾರಸಿಯ ಮೇಲೆ ಶಂಕರಪುರ ಮಲ್ಲಿಗೆ ಬೆಳೆಸುವವರಿದ್ದಾರೆ. ಅವರನ್ನು ನೋಡಿ ನಾನೂ ಬಣ್ಣದ ಬಕೆಟಿನಲ್ಲಿ ನೆಟ್ಟೆ. ತಳದಲ್ಲಿ ಕಿರುಬೆರಳು ಹೋಗುವಂಥ ಐದು ತೂತು, ಅಡಿಗೆ ಎರಡು ಇಟ್ಟಿಗೆ. ಇಟ್ಟಿಗೆ ಇಲ್ಲದಿದ್ದರೆ ತೂತು ನೆಲಕ್ಕೆ ಒತ್ತಿ ಮುಚ್ಚಿಕೊಳ್ಳುತ್ತದೆ. ಮೊಳೆ ಹೊಡೆಯಲು ಹೋಗಿ ಒಂದು ಬಕೆಟನ್ನು ಸೀಳಿಕೊಂಡ ಮೇಲೆ ಬುದ್ಧಿ ಬಂತು: ಹಳೆಯ ಸ್ಕ್ರೂಡ್ರೈವರ್ ಕಾಯಿಸಿ ಚುಚ್ಚಬೇಕು. ಹೊಗೆ ಕೆಟ್ಟದ್ದು, ಬಯಲಿನಲ್ಲಿ ಮಾಡಿ. ಒಳಗೆ ಒಣಗಿದ ಬಣ್ಣವನ್ನು ಮೊದಲೇ ಕೆರೆದು ತೆಗೆಯಿರಿ.

ಮೈಸೂರಿನಿಂದ:
ತಳಕ್ಕೆ ಜಲ್ಲಿ ಹಾಕಿ ಎಂದು ಯಾರಾದರೂ ಬಂದು ಹೇಳುವ ಮುನ್ನ ನಾನು ಬೇಡ ಎನ್ನುತ್ತೇನೆ. ನೀರು ಮಣ್ಣಿನಿಂದ ಜಲ್ಲಿಗೆ ಸಲೀಸಾಗಿ ಇಳಿಯುವುದಿಲ್ಲ, ಅದರ ಮೇಲಿನ ಮಣ್ಣಿನಲ್ಲೇ ತಂಗುತ್ತದೆ. ಚಿಕ್ಕ ಡಬ್ಬದಲ್ಲಿ ಬೇರಿಗೆ ಇರುವ ಜಾಗವೂ ಹೋಗುತ್ತದೆ. ತೂತಿನ ಮೇಲೆ ಹಂಚಿನ ಚೂರೊಂದು ಸಾಕು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಹಳೆಯ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿ.
ನಿಮ್ಮ ಅರೆಬಿಸಿಲಿಗೆ ಕ್ಯಾನುಗಳಲ್ಲಿ ಕನಕಾಂಬರ, ನಿತ್ಯಪುಷ್ಪ ಹಾಕಿ. ಬಕೆಟ್ಟನ್ನು ದಾಸವಾಳಕ್ಕೆ ಮೀಸಲಿಡಿ. ಬಿಸ್ಕತ್ತಿನ ಡಬ್ಬಕ್ಕೆ ಟೇಬಲ್ ರೋಸ್. ಅದರ ಬೇರು ಆಳಕ್ಕೆ ಹೋಗುವುದಿಲ್ಲ. ತಗಡು ತುಕ್ಕು ಹಿಡಿಯುವುದು ಖಂಡಿತ, ಬೇಸರಪಡಬೇಡಿ. ಕೆಳಗೆ ತಟ್ಟೆ ಇಟ್ಟರೆ ವಾರಕ್ಕೆ ಎರಡು ಬಾರಿ ನೀರು ಚೆಲ್ಲಿ ಉಜ್ಜಿ ತೊಳೆಯಿರಿ, ಡೆಂಗೀ ಸೊಳ್ಳೆಗೆ ಅಷ್ಟು ನೀರೇ ಸಾಕು.

ಕೇಳಿದವರು:
ಮೊಸರಿನ ಡಬ್ಬಿಗೆ ತೂತು ಮಾಡಿರಲಿಲ್ಲ, ಒಪ್ಪಿಕೊಂಡೆ. ಕೆಳಮನೆಯವರು ಬಟ್ಟೆ ಒಣಹಾಕುವ ತಂತಿ ನಮ್ಮ ಬಾಲ್ಕನಿಯ ಅಂಚಿನ ಕೆಳಗೇ ಇದೆ. ಹಾಗಾಗಿ ಅಂಚಿನ ಕ್ಯಾನುಗಳಿಗೆ ಕಲಬುರಗಿಯ ತೂತು, ಗೋಡೆಯ ಪಕ್ಕದ ಬಕೆಟ್‌ಗೆ ಉಡುಪಿಯ ತೂತು. ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ.