ಪದಚರ್ಚೆ: ಗೇಮ್ ಲೋಕದಾಗಿನ ಎಲ್ಲಾ ‘ಕಾಪಿ’ಗೂ ‘ಕೃತಿಚೌರ್ಯ’ನೇ ಅನ್ನಬೇಕೇನು?

ಬಳಗದ ಎಲ್ಲಾರಿಗೂ ನಮಸ್ಕಾರ್ರಿ,

ಒಂದು ಪದದ ತಕರಾರು ಐತಿ, ಬಿಡಿಸಿ ಕೊಡ್ರಿ. ನಮ್ಮ ಅಕ್ಕನ ಮಗ ಇಲ್ಲೇ ಬಾಗಲಕೋಟಿಯಾಗ ಕುಂತು ಫ್ಯಾಂಟಸಿ ಗೇಮುಗಳ ಬಗ್ಗೆ ಕನ್ನಡದಾಗ ವಿಡಿಯೋ ಮಾಡ್ತಾನ, ಸ್ಕ್ರಿಪ್ಟ್ ತಿದ್ದೂ ಕೆಲಸ ನನ್ನ ಕೊರಳಿಗೆ ಬಂದೈತಿ. ಈ ಸಲದ ವಿಷಯ ಯಾವ ಗೇಮ್ ಯಾವುದರಿಂದ ಕದ್ದೈತಿ ಅಂತ. ಹುಡುಗ ಬರದು ಕಳಿಸಿದ್ದರಾಗ ಸಾಲಿಗೊಂದು ‘ಕೃತಿಚೌರ್ಯ’. ಐಡಿಯಾ ತಗೊಂಡ್ರೂ ಕೃತಿಚೌರ್ಯ, ಚಿತ್ರ ಎತ್ತಿದ್ರೂ ಕೃತಿಚೌರ್ಯ, ಪೇಟೆಂಟ್ ಕೇಸ್ ಬಿದ್ರೂ ಕೃತಿಚೌರ್ಯ. ಯಾಕೋ ತಮ್ಮಾ ಅಂದ್ರ, ಮಾಮಾ ಕನ್ನಡದಾಗ ಬ್ಯಾರೆ ಶಬ್ದ ಎಲ್ಲಿ ಅದಾವ, ನೀನೇ ಹೇಳು ಅಂದ. ಅದಕ್ಕ ಇಲ್ಲಿ ಬಂದೀನಿ.

‘ಕೃತಿಚೌರ್ಯ’ ಅಂದ್ರ ನಾ ತಿಳಕೊಂಡಂಗ ಇನ್ನೊಬ್ರು ಮಾಡಿದ್ದನ್ನ ತಂದು ‘ಇದು ನಂದು’ ಅಂತ ಹೇಳೂದು. ಮುಚ್ಚಿಡೂದು ಅದರ ಜೀವಾಳ. ಕಾನೂನಿನ ಹಕ್ಕು ಮೀರೂದು ಬ್ಯಾರೇನ ಮಾತು. 2016ರಾಗ ಪೋಕೆಮಾನ್ ಯುರೇನಿಯಂ ಅಂತ ಒಂದು ಗೇಮ್ ಬಂದಿತ್ತು, ಅಭಿಮಾನಿಗಳು ಒಂಬತ್ತು ವರ್ಷದ ಹತ್ರ ಕುಂತು ಮಾಡಿದ್ದು, ಪುಕ್ಕಟೆ ಹಂಚಿದ್ರು, ಹೆಸರಿನಾಗೇ ಪೋಕೆಮಾನ್ ಅಂತ ಐತಿ, ಮೂಲ ಯಾರದು ಅನ್ನೂದನ್ನ ಮುಚ್ಚಿಟ್ಟಿದ್ದೇ ಇಲ್ಲ. ಆದ್ರೂ ಪೋಕೆಮಾನ್ ಹಕ್ಕಿನಾಗ ಪಾಲಿರೂ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಕಡೆ ವಕೀಲರ ನೋಟಿಸ್ ಹೋದ್ವು, ಡೌನ್‌ಲೋಡ್ ಲಿಂಕ್ ತಗದ್ರು. ಇಲ್ಲಿ ಹಕ್ಕು ಮೀರ್ಯಾರ ಅನ್ನಬಹುದು, ಚೌರ್ಯ ಎಲ್ಲಿಂದ ಬಂತು? ಇದರ ಉಲ್ಟಾನೂ ಆಗತೈತಿ. ಯಾರ ಹಕ್ಕೂ ಇರದ ಸಾವಿರ ವರ್ಷದ ಹಿಂದಿನ ಕತಿ ತಂದು ‘ನನ್ನ ತಲ್ಯಾಗ ಹುಟ್ಟಿದ್ದು’ ಅಂದ್ರ ಅದು ಚೊಕ್ಕ ಚೌರ್ಯ, ಆದ್ರ ಕೋರ್ಟಿನಾಗ ನಿಲ್ಲೂದಿಲ್ಲ.

ಪಾಲ್‌ವರ್ಲ್ಡ್ ಅನ್ನೂ ಗೇಮಿನ ವಿಷಯದಾಗಂತೂ ಎಲ್ಲಾರೂ ಎಡವ್ಯಾರ. 2024ರ ಜನವರಿಯಾಗ ಅದು ಬಂದ ಕೂಡ್ಲೇ ‘ಪೋಕೆಮಾನ್ ಕದ್ದಾರ’ ಅಂತ ಗುಲ್ಲೆದ್ದಿತು, ಅದರಾಗಿನ ಪ್ರಾಣಿಗಳ ಕಣ್ಣು ಮುಖ ನೋಡಿದ್ರ ಯಾರಿಗಾದ್ರೂ ಹಂಗ ಅನಸ್ತೈತಿ ಬಿಡ್ರಿ. ಆದ್ರ ಸೆಪ್ಟೆಂಬರಿನಾಗ ನಿಂಟೆಂಡೊ ಮತ್ತ ಪೋಕೆಮಾನ್ ಕಂಪನಿ ಕೂಡಿ ಟೋಕಿಯೊ ಜಿಲ್ಲಾ ಕೋರ್ಟಿನಾಗ ಹಾಕಿದ್ದು ಪೇಟೆಂಟ್ ಕೇಸು, ಕಾಪಿರೈಟ್ ಕೇಸಲ್ಲ. ಅಂದ್ರ ಜಗಳ ಮುಖದ್ದಲ್ಲ, ಚೆಂಡಿನಂಥಾ ಗುಂಡು ಒಗದು ಪ್ರಾಣಿ ಹಿಡಿಯೂ ಇಂಥಾ ಆಟದ ತಂತ್ರದ್ದು. ಅದೇ ನವೆಂಬರಿನಾಗ ಪಾಲ್‌ವರ್ಲ್ಡ್‌ನವರು ಗುಂಡು ಒಗದು ಪ್ರಾಣಿ ಕರಿಯೂದನ್ನ ಬದಲಿ ಮಾಡಿದ್ರು, ಮುಖ ಇದ್ದಂಗೇ ಇದ್ವು. ಇದಕ್ಕ ‘ಕೃತಿಚೌರ್ಯದ ಮೊಕದ್ದಮೆ’ ಅಂತ ಬರದ್ರ ಓದಿದಾಂವ ಏನು ತಿಳಕೊಬೇಕು? ‘ಪೇಟೆಂಟ್ ಉಲ್ಲಂಘನೆ’ ಅಂತ ನಾ ತಿದ್ದೀನಿ. ಬಾಯಾಗ ತಿರುಗೂದಿಲ್ಲ ಅಂತ ಹುಡುಗ ಮಾರಿ ಗಂಟ ಹಾಕ್ಯಾನ, ಹಾಕಲಿ.

ಇದಕ್ಕಿಂತ ತೊಡಕಿನ ಪ್ರಸಂಗ ಒಂದೈತಿ. ನಿಂಟೆಂಡೊದ ಫೈರ್ ಎಂಬ್ಲೆಮ್ ಅನ್ನೂ ಗೇಮ್ ಸಾಲು ಹುಟ್ಟಿಸಿದ ಶೋಜೊ ಕಾಗಾ ಅನ್ನಾವ್ರು ಅದನ್ನ ಮಾಡೂ ಕಂಪನಿ ಬಿಟ್ಟು ಹೊರಗ ಬಂದು 2001ರಾಗ ಟಿಯರ್ ರಿಂಗ್ ಸಾಗಾ ಅಂತ ಮಾಡಿದ್ರು, ಅದಕ್ಕ ಮೊದಲು ಇಟ್ಟ ಹೆಸರು ಎಂಬ್ಲೆಮ್ ಸಾಗಾ, ಆಟನೂ ಹಂಗೇ. ನಿಂಟೆಂಡೊ ಕೇಸ್ ಹಾಕಿತು. ಕಡೀಕ ಟೋಕಿಯೊ ಹೈಕೋರ್ಟ್ 2004ರಾಗ ಕಾಪಿರೈಟ್ ಮುರದಿಲ್ಲ ಅಂತ ಹೇಳಿತು, ಆದ್ರ ಹಳೇ ಹೆಸರಿನ ನೆರಳಿನಾಗ ವ್ಯಾಪಾರ ಮಾಡ್ಯಾರ, ಇದು ನ್ಯಾಯದ ಪೈಪೋಟಿ ಅಲ್ಲ ಅಂತ ನಷ್ಟಪರಿಹಾರ ಕೊಡಾಕ ಹೇಳಿತು, ಸುಮಾರು 7 ಕೋಟಿ 60 ಲಕ್ಷ ಯೆನ್. ತಾನೇ ಹುಟ್ಟಿಸಿದ ಧಾಟಿಯನ್ನ ತಾನೇ ಮತ್ತೊಮ್ಮೆ ಬಳಸಿದಾಂವಗ ಏನಂತೀರಿ? ಕಳ್ಳ ಅನ್ನಾಕ ನನಗಂತೂ ಬಾಯಿ ಬರೂದಿಲ್ಲ.

ನಮ್ಮ ಸುಪ್ರೀಂ ಕೋರ್ಟೂ 1978ರಾಗ, ಆರ್.ಜಿ. ಆನಂದ್ ಅವರ ನಾಟಕ ಮತ್ತ ಒಂದು ಸಿನಿಮಾದ ನಡುವಿನ ಜಗಳದಾಗ, ಬರೇ ಐಡಿಯಾಕ್ಕ, ವಸ್ತುವಿಗೆ, ಪುರಾಣ-ಇತಿಹಾಸದ ಸಂಗತಿಗೆ ಕಾಪಿರೈಟ್ ಇಲ್ಲ, ಅದನ್ನ ಕಟ್ಟಿ ಹೇಳಿದ ರೀತಿಗೆ ಐತಿ ಅಂತ ತೀರ್ಪು ಕೊಟ್ಟೈತಿ. ಆದ್ರ ಕೋರ್ಟ್ ಹೇಳಿದ್ದು ಕೋರ್ಟಿಗೆ. ಆಡೂ ಮಂದಿಗೆ ಸಿಟ್ಟು ಬರೂದು ಕಾನೂನು ನೋಡಿ ಅಲ್ಲ, 2019ರಾಗ ಚೀನಾದ ಒಂದು ಗೇಮ್ ಮೇಳದಾಗ ಗೆನ್ಶಿನ್ ಇಂಪ್ಯಾಕ್ಟ್ ಅನ್ನೂ ಗೇಮು ನಿಂಟೆಂಡೊದ ಜೆಲ್ಡಾ ಗೇಮಿನ ಕಾಪಿ ಅಂತ ಒಬ್ಬಾಂವ ತನ್ನ ಸ್ವಂತ ಪ್ಲೇಸ್ಟೇಷನ್ ನೆಲಕ್ಕ ಬಡದು ಒಡದಿದ್ದ. ರೊಕ್ಕ ಯಾರದು ಹೋತು ಅಂತ ಕೇಳಬ್ಯಾಡ್ರಿ.

ಈಗ ಅಸಲು ಮಾತಿಗೆ ಬರ್ತೀನಿ. ಫ್ಯಾಂಟಸಿ ಅನ್ನೂ ಪ್ರಕಾರ ನಿಂತಿದ್ದೇ ತಗೊಂಡದ್ದರ ಮ್ಯಾಲೆ. ಲಾರ್ಡ್ ಆಫ್ ದಿ ರಿಂಗ್ಸ್ ಬರದ ಟೋಲ್ಕಿನ್ ಅವರೇ ರಾಕ್ಷಸರಂಥಾ ಮಂದಿಗೆ ಇಟ್ಟ ‘ಆರ್ಕ್’ ಶಬ್ದನ ಹಳೇ ಇಂಗ್ಲಿಷಿನಿಂದ ತಗೊಂಡ್ರು, ಕುಳ್ಳರ ಹೆಸರುಗಳನ್ನ, ಗ್ಯಾಂಡಾಲ್ಫ್ ಅನ್ನೂ ಹೆಸರನ್ನೂ ಸೈತ, ಉತ್ತರ ಯುರೋಪಿನ ಹಳೇ ಹಾಡಿನಿಂದ ತಗೊಂಡ್ರು. 1974ರಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೂ ಮೇಜಿನ ಮ್ಯಾಲಿನ ಆಟ ಬಂದಾಗ ಅದರಾಗ ಟೋಲ್ಕಿನ್ ಕತಿಯಾಗಿನ ಹಾಬಿಟ್, ಎಂಟ್, ಬಾಲ್‌ರಾಗ್ ಎಲ್ಲಾ ಇದ್ವು, ಹಕ್ಕುದಾರರು ತಕರಾರು ತಗದ ಮ್ಯಾಲೆ ಹಾಬಿಟ್ ಹೋಗಿ ಹಾಫ್ಲಿಂಗ್ ಆತು, ಎಂಟ್ ಹೋಗಿ ಟ್ರೀಯೆಂಟ್ ಆತು. ಎಲ್ಫು, ಆರ್ಕು ಹಂಗೇ ಉಳದ್ವು, ಅವು ಯಾರ ಸ್ವತ್ತೂ ಅಲ್ಲ. 1994ರ ವಾರ್‌ಕ್ರಾಫ್ಟ್ ಮಾಡಿದವರ ಪೈಕಿ ಪ್ಯಾಟ್ರಿಕ್ ವ್ಯಾಟ್ ತಾವೇ ಬರದಾರ, ಡ್ಯೂನ್ 2 ಗೇಮ್ ಆಡಿದ್ದರಿಂದ ಇದು ಹುಟ್ಟಿತು ಅಂತ. ಡಾರ್ಕ್ ಸೋಲ್ಸ್ ಗೇಮ್ ಮಾಡಿದ ಹಿಡೆಟಾಕಾ ಮಿಯಾಝಾಕಿ ಅವರೂ ಬರ್ಸರ್ಕ್ ಅನ್ನೂ ಜಪಾನೀ ಕಾಮಿಕ್ಸಿನ ಪ್ರಭಾವ ಒಪ್ಪ್ಯಾರ. ಮುಚ್ಚಿಡದ ಕಡೆ ‘ಚೌರ್ಯ’ ಕೂಡ್ರೂದಿಲ್ಲ, ಸರಿ, ಹಂಗಾದ್ರ ಏನನ್ನೂದು? ‘ಪ್ರೇರಣೆ’ ಅಂದ್ರ ಬಾಳ ಹಗುರ ಆತು, ಸಿನಿಮಾದಾವ್ರು ಕದ್ದು ಸಿಕ್ಕು ಬಿದ್ದಾಗ ಹೇಳೂ ಶಬ್ದ ಅದು.

ಇಲ್ಲಿ ನಮ್ಮ ಜಿಲ್ಲಾದಾಂವ ಒಬ್ಬ ನೆನಪಾಗ್ತಾನ. ಮುಧೋಳದ ರನ್ನ. ಗದಾಯುದ್ಧದ ಬುನಾದಿ ಪಂಪಭಾರತದ ಹದಿಮೂರನೇ ಆಶ್ವಾಸದಾಗ ಐತಿ, ಸಂಸ್ಕೃತದ ವೇಣೀಸಂಹಾರ ನಾಟಕದ್ದೂ ಪಾಲು ಐತಿ, ಕಾಲೇಜಿನಾಗ ಕನ್ನಡ ಕಲಿತಾವ್ರಿಗೆಲ್ಲಾ ಗೊತ್ತು. ಆದ್ರ ಪಾಠ ಹೇಳೂ ಮಾಸ್ತರು ‘ರನ್ನ ಕದ್ದ’ ಅನ್ನೂದಿಲ್ಲ, ‘ರನ್ನನ ಮ್ಯಾಲೆ ಪಂಪನ ಋಣ’ ಅಂತಾರ. ಈ ‘ಋಣ’ ಭಾರಿ ಶಬ್ದ. ತಗೊಂಡಾನ ಅನ್ನೂದನ್ನೂ ಹೇಳತೈತಿ, ತಗೊಂಡಿದ್ದನ್ನ ಬೆಳಿಸ್ಯಾನ ಅನ್ನೂದಕ್ಕೂ ಜಾಗ ಬಿಡತೈತಿ. ‘ಎರವಲು’ ಅಂದ್ರ ವಾಪಸ್ ಕೊಡೂ ಮಾತು ಬರತೈತಿ, ಭೀಮ-ದುರ್ಯೋಧನರನ್ನ ರನ್ನ ಎಲ್ಲಿ ವಾಪಸ್ ಕೊಟ್ಟ? ಅದಕ್ಕ ‘ಡಾರ್ಕ್ ಸೋಲ್ಸ್ ಮ್ಯಾಲೆ ಬರ್ಸರ್ಕ್‌ನ ಋಣ’ ಅಂತ ಬರದೀನಿ. ಓದಾಕ ಅಡ್ಡಿಯಿಲ್ಲ ಅನಸ್ತು, ನಿಮಗ?

ಇನ್ನೊಂದು ಶಬ್ದ ನಾಟಕ ಕಂಪನಿ ಕಡಿಂದ. ಹಳೇ ನಾಟಕದ ಪುಸ್ತಕ, ಭಜನಿ ಪದದ ಪುಸ್ತಕ ತಗದು ನೋಡ್ರಿ, ಹಾಡಿನ ತಲೀ ಮ್ಯಾಲೆ ‘ಧಾಟಿ’ ಅಂತ ಹಾಕಿ ಮುಂದ ಯಾವುದರ ಒಂದು ಹೆಸರಾಂತ ಹಾಡಿನ ಮೊದಲ ಸಾಲು ಕೊಟ್ಟಿರ್ತಾರ, ಕೆಲವು ಕಡೆ ‘ಮಟ್ಟು’ ಅಂತಿರತೈತಿ. ಮರಾಠಿ ನಾಟ್ಯಗೀತದ ಮಟ್ಟು ತಂದು ಕನ್ನಡ ಮಾತು ಕೂಡಿಸಿದ್ರೂ ಅದನ್ನ ಅಚ್ಚು ಹಾಕಿ ಹೇಳ್ತಿದ್ರು. ಡಾರ್ಕ್ ಸೋಲ್ಸ್ ನೋಡಿ ಬಂದ ಗೇಮುಗಳಿಗೆ ಸೋಲ್ಸ್‌ಲೈಕ್ ಅಂತಾರಲ್ರಿ, 1980ರ ರೋಗ್ ಗೇಮಿನಿಂದ ಬಂದದ್ದಕ್ಕ ರೋಗ್‌ಲೈಕ್ ಅಂತಾರ, ಇವು ಸರಿಯಾಗಿ ‘ಸೋಲ್ಸ್ ಧಾಟಿ’, ‘ರೋಗ್ ಧಾಟಿ’. ಇದರಾಗ ನಾಚಿಕಿ ಇಲ್ಲ, ಆರೋಪನೂ ಇಲ್ಲ. ಹುಡುಗಗ ಇದೊಂದು ಹಿಡಿಸೈತಿ, ಸೋಲ್ಸ್ ಧಾಟಿ ಗೇಮ್ ಅಂತ ಆಗಲೇ ಫೋನಿನಾಗ ದೋಸ್ತರ ಕೂಡ ಮಾತಾಡಾಕ ಹತ್ಯಾನ.

ತೊಡಕು ಉಳದದ್ದು ನಡುವಿನ ಜಾಗಕ್ಕ. ಋಣನೂ ಅಲ್ಲ, ಪೂರಾ ಕಳವೂ ಅಲ್ಲ, ಆಟ ಅದೇ, ಗೊಂಬಿ ಬಣ್ಣ ಅಷ್ಟೇ ಬದಲು, ಗೇಮ್ ಆಡಾವ್ರು ಅದಕ್ಕ ರೀಸ್ಕಿನ್ ಅಂತಾರ. ಇದಕ್ಕ ಹಳಬರು ಶಬ್ದ ಮಾಡಿಟ್ಟಾರ. ಸಂಸ್ಕೃತದ ಕಾವ್ಯಶಾಸ್ತ್ರ ಬರದ ಆನಂದವರ್ಧನ ಕಾವ್ಯಗಳ ಹೋಲಿಕಿಗೆ ಪ್ರತಿಬಿಂಬ, ಆಲೇಖ್ಯ (ಬರದ ಚಿತ್ರ), ತುಲ್ಯದೇಹಿ (ಒಬ್ಬರಂಗ ಇನ್ನೊಬ್ರು ಕಾಣೂದು) ಅಂತ ಮೂರು ಹೇಳಿ ಮೊದಲಿನ ಎರಡು ಬಿಡ್ರಿ, ಮೂರನೇದು ನಡೀತೈತಿ ಅಂದ. ಅವನ ನಂತರದ ರಾಜಶೇಖರ ತನ್ನ ಕಾವ್ಯಮೀಮಾಂಸೆಯಾಗ ಅದಕ್ಕ ಪರಪುರಪ್ರವೇಶ ಅಂತ ನಾಲ್ಕನೇದು ಕೂಡಿಸಿದ, ಬೇರು ಒಂದೇ, ಮ್ಯಾಲಿನ ಕಟ್ಟಡ ಪೂರಾ ಬ್ಯಾರೆ. ಕಳ್ಳ ಅಲ್ಲದ ಕವಿ ಇಲ್ಲ, ಮುಚ್ಚಿಡಾಕ ಬಲ್ಲಾಂವ ಬದುಕ್ತಾನ ಅನ್ನೂ ಮಾತೂ ಅದೇ ಪುಸ್ತಕದ್ದು. ಲೆಕ್ಕ ಹಚ್ಚಿದ್ರ ಮಾತಷ್ಟೇ ಬದಲಿದ್ದು, ವಸ್ತು ಅದೇ ಇದ್ದದ್ದು ಪ್ರತಿಬಿಂಬ, ಅದು ಕ್ಲೋನ್ ಆತು. ಒಂಚೂರು ಸಿಂಗಾರ ಮಾಡಿ ಬ್ಯಾರೆ ಕಾಣಂಗ ಮಾಡಿದ್ದು ಆಲೇಖ್ಯ, ಅದು ರೀಸ್ಕಿನ್. ಡ್ಯೂನ್ 2ರ ಮರುಭೂಮಿ ಟ್ಯಾಂಕುಗಳಿಂದ ವಾರ್‌ಕ್ರಾಫ್ಟಿನ ಆರ್ಕುಗಳಿಗೆ ಬಂದದ್ದು ಪರಪುರಪ್ರವೇಶ. ಎಷ್ಟು ಬರೋಬ್ಬರಿ ಕೂಡತೈತಿ ನೋಡ್ರಿ. ಆದ್ರ ಯೂಟ್ಯೂಬಿನಾಗ ‘ಈ ಗೇಮ್ ಆಲೇಖ್ಯ ಐತಿ’ ಅಂದ್ರ ಕೇಳೂ ಹುಡುಗರು ವಿಡಿಯೋ ಬಂದ್ ಮಾಡಿ ಮಲಗ್ತಾರ.

ಸಿಟ್ಟಿನಿಂದ ಅನ್ನೂದಕ್ಕ ನಮ್ಮ ಕಡೆ ‘ತುಡುಗು’ ಐತಿ, ‘ತುಡುಗು ಮಾಡ್ಯಾರ’ ಅಂದ್ರ ಕೃತಿಚೌರ್ಯಕ್ಕಿಂತ ಜೋರು ಬಡೀತೈತಿ. ಅದನ್ನ ಚಿತ್ರಾನೋ ಕೋಡೋ ಹಂಗಿಂದಂಗ ಎತ್ತಿದ ಕಡೆ ಮಾತ್ರ ಬಳಸು ಅಂತ ಹೇಳೀನಿ. ಆದ್ರ ಬೆಂಗಳೂರು, ಮಂಗಳೂರು ಕಡಿಯಾವ್ರಿಗೆ ತುಡುಗು ತಿಳಿತೈತೇನ್ರಿ, ಇಲ್ಲಾ ಕಳವು ಅಂತ ಹಾಕೂದೇ ಚಲೋನೋ?

ಮತ್ತ ಬಯಲಾಟ, ಪಾರಿಜಾತದ ಮೇಳ ಬಲ್ಲಾವ್ರು ಬಳಗದಾಗ ಇದ್ರ ಒಂದು ಹೇಳ್ರಿ, ‘ಮಟ್ಟು’ ಮತ್ತ ‘ಧಾಟಿ’ ನಡುವ ಏನರ ಫರಕ್ ಐತೇನು, ಗೋಕಾಕ ಕಡೆ ಒಂದು, ಬಾದಾಮಿ ಕಡೆ ಒಂದು ಹಂಗೇನರ? ಅದಕ್ಕಿಂತ ಮೊದಲು ಬೇಕಾದ್ದು ರೀಸ್ಕಿನ್‌ಗೆ ಶಬ್ದ. ‘ತದ್ರೂಪಿ’ ಅಂದ್ರ ಕುರಿ ಡಾಲಿ ನೆನಪಾಗತೈತಿ, ‘ಪಡಿಯಚ್ಚು’ ಅಂದ್ರ ಒಂಚೂರೂ ಬದಲಿಲ್ಲ ಅಂದಂಗ ಆಗತೈತಿ. ‘ಬಣ್ಣಬದಲಿ’ ಅಂತ ಸದ್ಯಕ್ಕ ಹಾಕೀನಿ, ಮನಸಿಗೆ ಬಂದಿಲ್ಲ. ಐತವಾರ ರೆಕಾರ್ಡಿಂಗ್ ಐತಿ, ಅಷ್ಟರಾಗ ಯಾರಿಗೆ ಹೊಳದ್ರೂ ತಿಳಸ್ರಿ.