ಅಪ್‌ಡೇಟ್: ರೇಷ್ಮೆ ಬೆಳೆ ನೋಡಿಕೊಂಡು ಮನೆಪಾಠದ ವರ್ಷ ಹಾಕಿದೆವು

ತಿಂಗಳ ಹಿಂದೆ ಕೇಳಿದ್ದೆ. ಊರು ಶಿಡ್ಲಘಟ್ಟದ ಹತ್ತಿರ, ಹತ್ತು ವರ್ಷದ ಮಗಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ. ಹುಳು ಮನೆಗೆ ಬಂದಾಗಲೆಲ್ಲ ಪಾಠ ನಿಂತುಹೋಗುತ್ತೆ, ವರ್ಷದ ಪ್ಲಾನ್ ಹೇಗೆ ಮಾಡೋದು ಅಂತ.

ಗಂಟೆ ಲೆಕ್ಕದ ಟೈಮ್‌ಟೇಬಲ್ ನಾಲ್ಕೇ ದಿನ ನಡೆಯಿತು. ಕೆಲಸ ಮಾಡಿದ್ದು ಕೋಲಾರದ ಅಕ್ಕ ಒಬ್ಬರು ಹೇಳಿದ ಮಾತು: "ಮೊದಲು ಈ ವರ್ಷ ಮನೆಗೆ ಏನು ಬೇಕು ಅಂತ ಬರೀರಿ, ಪಾಠ ಆಮೇಲೆ." ಎಲ್ಲರೂ ಕೂತು ಮೂರು ಬರೆದೆವು. ಮಗಳು ಕನ್ನಡ ತಡವರಿಸದೆ ಓದಬೇಕು. ಬೆಳೆಯ ಖರ್ಚು ಅವಳೇ ಬರೆದಿಡಬೇಕು. ರಾತ್ರಿ ಊಟ ಎಲ್ಲರೂ ಒಟ್ಟಿಗೆ.

ಈಗ ತಿಂಗಳ ಲೆಕ್ಕ ಬಿಟ್ಟು ಬೆಳೆ ಲೆಕ್ಕ. ಗೂಡು ಮಾರಿ, ಹುಳು ಮನೆ ತೊಳೆದು, ಮುಂದಿನ ಚಾಕಿ (ಮರಿ ಹುಳು) ಬರೋವರೆಗೆ ಗಟ್ಟಿ ಪಾಠ. ಬೆಳೆ ಇದ್ದಾಗ ಓದು ಮತ್ತು ಲೆಕ್ಕ ಮಾತ್ರ.

ನಾನು ಅಂದುಕೊಂಡೇ ಇರಲಿಲ್ಲ, ಜ್ವರದ ದಿನಗಳು, ಅಂದರೆ ಹುಳು ಪೊರೆ ಬಿಡೋ ದಿನಗಳು, ಇಷ್ಟು ಉಪಯೋಗಕ್ಕೆ ಬಂದವು! ಹುಳು ಜ್ವರಕ್ಕೆ ಕೂತರೆ ಸೊಪ್ಪು ತಿನ್ನಲ್ಲ, ನಮಗೂ ಬಿಡುವು. ಮಗಳು ಸೊಪ್ಪಿನ ಮೂಟೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ಅಂಕಿ ದಿಢೀರನೆ ಏರಿತು. "ಅಮ್ಮಾ, ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪು ಈ ಒಂದು ವಾರದಲ್ಲೇ ಹೋಯ್ತು" ಅಂದಳು. ಭಿನ್ನರಾಶಿ ಅವಳಿಗೆ ಅಲ್ಲೇ ಅರ್ಥವಾಯಿತು.

ಪರೀಕ್ಷೆ ಬಗ್ಗೆ ಕೇಳಿದವರಿಗೆ: ಎನ್‌ಐಒಎಸ್ (ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ನಮಗಿನ್ನೂ ಟೈಮ್ ಇದೆ.